ಹತ್ತು ಗಂಟೆ ಅಂದ್ರೆ ಯಾರ ಹತ್ತು ಗಂಟೆ? ಬುಕಿಂಗ್, ನೋಂದಣಿಗೆ ನೀವು ಯಾವ ಗಡಿಯಾರ ನಂಬ್ತೀರಿ?

ಕೊನೆಬೆಂಚು
ಎಲ್ಲರಿಗೂ ನಮಸ್ಕಾರ. ಹೊಟ್ಟೆ ಉರ್ಕೊಂಡು ಬರೀತಿದ್ದೀನಿ, ಮಾತು ಒರಟಾದ್ರೆ ಕ್ಷಮಿಸಿ.

ಒಂದು ಕೋರ್ಸಿನ ನೋಂದಣಿ ಇವತ್ತು ಬೆಳಿಗ್ಗೆ 10ಕ್ಕೆ ಶುರು ಅಂತಿತ್ತು. ಸೀಟು 60. ನಾನು 9:40ಕ್ಕೇ ಲಾಗಿನ್ ಆಗಿ, ಪುಟ ತೆರೆದಿಟ್ಟು, ಲ್ಯಾಪ್‌ಟಾಪಿನ ಮೂಲೆಯಲ್ಲಿರೋ ಗಡಿಯಾರವನ್ನೇ ಬಕಪಕ್ಷಿ ಥರ ನೋಡ್ತಾ ಕೂತೆ. 9:59 ಹೋಗಿ 10:00 ಬಿತ್ತು, ಒತ್ತಿದೆ. ‘ಎಲ್ಲಾ ಸೀಟುಗಳು ಭರ್ತಿಯಾಗಿವೆ’. ಕಣ್ಣುಜ್ಜಿ ಮತ್ತೆ ಓದಿದೆ, ಅದೇ. ಗೆಳೆಯನಿಗೆ ಫೋನ್ ಮಾಡಿದ್ರೆ, ‘ನಂಗೆ ಸಿಕ್ತಲ್ಲೋ, ಆಗ್ಲೇ ಕನ್ಫರ್ಮೇಷನ್ ಇಮೇಲ್ ಕೂಡ ಬಂತು’ ಅಂದ. ನನ್ನ ಲ್ಯಾಪ್‌ಟಾಪ್ ಪ್ರಕಾರ ಇನ್ನೂ 10:00! ಫೋನ್ ನೋಡಿದ್ರೆ 10:01. ಕೈಗಡಿಯಾರ 10:03, ಅದನ್ನ ಲೆಕ್ಕಕ್ಕೆ ಇಟ್ಕೋಬೇಡಿ.

ಮುಂದಿನ ಬುಧವಾರ ಎರಡನೇ ಬ್ಯಾಚ್. ಸೆಕೆಂಡ್ ಲೆಕ್ಕದಲ್ಲಿ ನಂಬಬಹುದಾದ ಗಡಿಯಾರ ಯಾವುದು? ನೀವೆಲ್ಲ ಏನು ಮಾಡ್ತೀರಿ?

ನಿದ್ದೆಗಣ್ಣ
ಹಣೆಬರಹಕ್ಕೆ ಹೊಣೆ ಯಾರು ಗುರೂ. ನಂಗೆ ಗಡಿಯಾರ ಸರಿ ಇದ್ದಾಗ್ಲೂ ಸಿಕ್ಕಿಲ್ಲ.

ಸೆಕೆಂಡ್ ಮುಳ್ಳು
ಹಣೆಬರಹ ಆಮೇಲೆ ನೋಡೋಣ, ಮೊದಲು ತಪ್ಪು ಎಷ್ಟಿದೆ ಅಂತ ಅಳೆದು ನೋಡಿ. ಅದೇ ಲ್ಯಾಪ್‌ಟಾಪಿನಲ್ಲಿ ‘ಟೈಮ್ ಡಾಟ್ ಈಸ್’ (time.is) ಅನ್ನೋ ಸೈಟ್ ತೆರೆಯಿರಿ. ದೊಡ್ಡ ಅಕ್ಷರದಲ್ಲಿ ಸಮಯ ಇರುತ್ತೆ, ಜೊತೆಗೆ ನಿಮ್ಮ ಗಡಿಯಾರ ಎಷ್ಟು ಸೆಕೆಂಡ್ ಹಿಂದೆ ಅಥವಾ ಮುಂದೆ ಇದೆ ಅಂತಲೂ ಹೇಳುತ್ತೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ನಡೆಸೋ ‘ಟೈಮ್ ಡಾಟ್ ಗವ್’ ಕೂಡ ಇದೇ ವ್ಯತ್ಯಾಸ ತೋರಿಸುತ್ತೆ. ಎಷ್ಟು ಬಂತು ಇಲ್ಲಿ ಹಾಕಿ.

ಕೊನೆಬೆಂಚು
51.3 ಸೆಕೆಂಡ್ ಹಿಂದೆ ಅಂತೆ. ನಾನೀಗ ಅಳ್ಬೇಕಾ ನಗ್ಬೇಕಾ?

ಎಳೆಎಳೆ
ಸೆಟ್ಟಿಂಗ್ಸ್‌ನಲ್ಲಿ ಸಮಯ ತಾನಾಗೇ ಹೊಂದಿಸಿಕೊಳ್ಳೋ ಆಯ್ಕೆ ಆಫ್ ಆಗಿದೆ ನೋಡಿ, ಪಂದ್ಯ ಕಟ್ತೀನಿ. ಕಂಪ್ಯೂಟರ್ ಒಳಗೆ ಇರೋದು ಕೈಗಡಿಯಾರದಲ್ಲಿರೋ ಥರದ್ದೇ ಕ್ವಾರ್ಟ್ಜ್ ಹರಳು, ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಹತ್ತು ಲಕ್ಷಕ್ಕೆ 20 ಭಾಗ ಆಚೀಚೆ ಆಗೋದು ಇಂಥ ಹರಳಿಗೆ ಮಾಮೂಲು. ಲೆಕ್ಕ ಹಾಕಿ: ದಿನಕ್ಕೆ 86,400 ಸೆಕೆಂಡ್, ಅಂದ್ರೆ ದಿನಕ್ಕೆ 1.7 ಸೆಕೆಂಡ್ ಜಾರುತ್ತೆ. ಒಂದು ತಿಂಗಳು ಯಾರೂ ಕೇಳೋರಿಲ್ಲದೆ ಬಿಟ್ರೆ 51 ಸೆಕೆಂಡ್. ನಿಮ್ಮದು ಹೆಚ್ಚುಕಮ್ಮಿ ಅದೇ.

ಕೊನೆಬೆಂಚು
ಅಯ್ಯೋ, ನೀವೇನು ಜ್ಯೋತಿಷಿಗಳಾ! ಆಫೇ ಇತ್ತು. ಹೋದ ತಿಂಗಳು ಒಂದು ಗೇಮ್‌ನಲ್ಲಿ ನಾಳೆಯ ಬಹುಮಾನ ಇವತ್ತೇ ಸಿಗಲಿ ಅಂತ ತಾರೀಖು ಮುಂದಕ್ಕೆ ಹಾಕಿದ್ದೆ. ಆಮೇಲೆ ಕೈಯಲ್ಲೇ ವಾಪಸ್ ಇಟ್ಟಿದ್ದೆ.

ಹಂಗಲ್ರಿ ಹಿಂಗ
ಎಳೆಎಳೆಯವ್ರ, ಎಲ್ಲಾ ತಪ್ಪೂ ಹರಳಿನ ತಲಿಗೆ ಕಟ್ಟಬ್ಯಾಡ್ರಿ. ಇವ್ರು ಕೈಲೆ ಟೈಮ್ ಇಟ್ಟಾರ. ಬರೇ ತಾಸು, ನಿಮಿಷ ನೋಡಿ ಇಟ್ರ ಅರ್ಧ ನಿಮಿಷ ಅಲ್ಲೇ ಹೋಗಿರ್ತದ. ಲೆಕ್ಕ ಕೂಡಿಬಂತು ಅಂತ ಅದೇ ಖರೇ ಕಾರಣ ಅಂತ ಹೆಂಗ ಹೇಳ್ತೀರಿ?

ಎಳೆಎಳೆ
ಒಪ್ಪಿದೆ. ಅದೂ ಇರಬಹುದು. ಹಾಗಾದ್ರೆ ಒಂದು ಪರೀಕ್ಷೆ ಮಾಡೋಣ: ಎರಡು ದಿನ ಹಾಗೇ ಬಿಟ್ಟು ಮತ್ತೆ ಅಳೆಯಲಿ. 54–55ಕ್ಕೆ ಬಂದ್ರೆ ನಾನು ಗೆದ್ದೆ.

ಸೆಕೆಂಡ್ ಮುಳ್ಳು
ಅವರ ಸೀಟಿನ ಮೇಲೆ ಪಂದ್ಯ ಆಡ್ಬೇಡ್ರಪ್ಪಾ! ಕೊನೆಬೆಂಚು, ಈಗ್ಲೇ ಆನ್ ಮಾಡಿ. ವಿಂಡೋಸ್ ಆದ್ರೆ ತಾರೀಖು, ಸಮಯದ ಸೆಟ್ಟಿಂಗ್ಸ್‌ನಲ್ಲಿ ‘ಸಿಂಕ್ ನೌ’ ಅಂತಿದೆ, ಒತ್ತಿ. ನೋಂದಣಿ ದಿನ ಬೆಳಿಗ್ಗೆ ಇನ್ನೊಂದ್ಸಲ ಒತ್ತಿ. ಯಾಕಂದ್ರೆ ಅದು ಸದಾ ಕೇಳ್ತಾ ಕೂರಲ್ಲ. ವಿಂಡೋಸ್ 7ರ ಕಾಲದಲ್ಲಿ ಮನೆ ಕಂಪ್ಯೂಟರ್ ವಾರಕ್ಕೊಂದ್ಸಲ ಮಾತ್ರ ಸಮಯ ಕೇಳ್ತಿತ್ತು.

ಗಡಿಬಿಡಿ ಗಂಗಮ್ಮ
ಇಷ್ಟೆಲ್ಲ ಯಾಕೆ? ನಾನು ಫೋನನ್ನ ಎರಡು ನಿಮಿಷ ಮುಂದಿಟ್ಕೊಂಡಿದ್ದೆ, ಯಾವತ್ತೂ ತಡವಾಗಲ್ಲ ಅಂತ. ಒಳ್ಳೇ ಉಪಾಯ ಅನ್ಕೊಂಡಿದ್ದೆ. ಒಂದಿನ ಟಿಕೆಟ್ ತಗೋವಾಗ ಲಾಗಿನ್‌ಗೆ ಅಥೆಂಟಿಕೇಟರ್ ಆಪ್‌ನ ಆರಂಕಿ ಕೋಡ್ ಹಾಕ್ತೀನಿ, ‘ತಪ್ಪು’ ಅನ್ನುತ್ತೆ. ಮತ್ತೆ ಹಾಕಿದೆ, ತಪ್ಪು. ಮೂರನೇ ಸಲಕ್ಕೆ ಖಾತೆಯೇ ಲಾಕ್. ಟಿಕೆಟ್ ಆ ಕಡೆ, ನಾನು ಈ ಕಡೆ. ಇವತ್ತಿಗೂ ಯಾಕೆ ಅಂತ ಗೊತ್ತಾಗಿಲ್ಲ.

ಎಳೆಎಳೆ
ಗಂಗಮ್ಮಾವ್ರೇ, ನಿಮ್ಮ ಉಪಾಯವೇ ಕಾರಣ! ಆ ಕೋಡ್ ಹುಟ್ಟೋದೇ ಗಡಿಯಾರದಿಂದ. ಗುಟ್ಟಿನ ಒಂದು ಕೀಲಿ ಇರುತ್ತೆ, ಅದನ್ನೂ ಆ ಹೊತ್ತಿನ ಸಮಯವನ್ನೂ ಸೇರಿಸಿ ಲೆಕ್ಕ ಹಾಕಿ 30 ಸೆಕೆಂಡಿಗೊಂದು ಕೋಡ್ ತೆಗೆಯುತ್ತೆ. ಸರ್ವರ್ ಕೂಡ ತನ್ನ ಗಡಿಯಾರ ಇಟ್ಕೊಂಡು ಅದೇ ಲೆಕ್ಕ ಮಾಡುತ್ತೆ. ಒಂದು ಕೋಡ್ ಆಚೀಚೆ ಆದ್ರೆ ಸಾಮಾನ್ಯವಾಗಿ ಒಪ್ಕೊಳ್ಳುತ್ತೆ. ನೀವು ಎರಡು ನಿಮಿಷ ಮುಂದೆ, ಅಂದ್ರೆ ನಾಲ್ಕು ಕೋಡ್ ಮುಂದೆ. ಭವಿಷ್ಯದ ಕೋಡ್ ಕೊಟ್ರೆ ಯಾವ ಸರ್ವರ್ ಒಪ್ಪುತ್ತೆ ಹೇಳಿ.

ಗಡಿಬಿಡಿ ಗಂಗಮ್ಮ
ಮೂರು ವರ್ಷ ಆ ಸೈಟಿನವರಿಗೆ ಶಾಪ ಹಾಕ್ಕೊಂಡು ಓಡಾಡಿದ್ದೆ. ಇರ್ಲಿ, ವಾಪಸ್ ತಗೊಂಡೆ.

ಹಳೇ ರೇಡಿಯೋ
ನಮ್ಮ ಕಾಲದಲ್ಲಿ ರೇಡಿಯೋದ ಪೀಂ ಪೀಂ ಕೇಳಿ ಗಡಿಯಾರ ಸರಿ ಮಾಡ್ಕೋತಿದ್ವಿ. ಬಿಬಿಸಿಯವರು 1924ರಲ್ಲೇ ಆ ಆರು ಪೀಂ ಶುರು ಮಾಡಿದ್ದು. ಪ್ಯಾರಿಸ್ ವೀಕ್ಷಣಾಲಯ 1933ರಲ್ಲಿ ಫೋನ್ ಮಾಡಿದ್ರೆ ಸಮಯ ಹೇಳೋ ಯಂತ್ರ ಇಟ್ಟಿತ್ತು. ಅದೆಲ್ಲ ಬಿಟ್ಟು ಈಗ ಏನೇನೋ ಡಾಟ್ ಅಂತೀರಿ. ಟಿವಿ ಸುದ್ದಿ ಚಾನೆಲ್ಲಿನ ಮೂಲೆಯಲ್ಲಿ ಸೆಕೆಂಡ್ ಸಮೇತ ಬರುತ್ತಲ್ಲ, ಅದನ್ನ ನೋಡಿದ್ರಾಯ್ತು.

ಮಾರಾಯ್ರೇ
ಅಯ್ಯೋ ಅಜ್ಜ, ಅದೊಂದು ಮಾಡ್ಬೇಡಿ. ಡಿಜಿಟಲ್ ಟಿವಿಯಲ್ಲಿ ಚಿತ್ರ ಸಂಕುಚಿಸಿ, ಕಳಿಸಿ, ಬಿಡಿಸಿ ತೋರಿಸುವಷ್ಟರಲ್ಲಿ ಕೆಲವು ಸೆಕೆಂಡು ಹೋಗಿರ್ತದೆ. ಅದೇ ಚಾನೆಲ್ ಮೊಬೈಲಿನಲ್ಲಿ ನೋಡಿದ್ರೆ ಅರ್ಧ ನಿಮಿಷವೂ ತಡ ಆಗುವುದುಂಟು. ಕ್ರಿಕೆಟ್ ನೋಡುವಾಗ ಪಕ್ಕದ ಮನೆಯವರು ಮೊದಲೇ ‘ಔಟ್!’ ಅಂತ ಬೊಬ್ಬೆ ಹೊಡೆಯುದಿಲ್ವಾ, ಅದೇ ಕತೆ.

ಹಳೇ ರೇಡಿಯೋ
ಅದಕ್ಕೇ ಅವರು ಮೊದಲು ಕೂಗ್ತಾರಾ! ನಾನು ಬೆಟ್ಟಿಂಗ್ ಆಡ್ತಾರೆ ಅನ್ಕೊಂಡಿದ್ದೆ.

ತಲೆಹರಟೆ
ಯಾವುದೂ ಬೇಡ, ಜಿಪಿಎಸ್ ಆಪ್ ಹಾಕ್ಕೊಳ್ಳಿ. ಉಪಗ್ರಹದಲ್ಲಿ ಪರಮಾಣು ಗಡಿಯಾರ ಇದೆ. ಅದಕ್ಕಿಂತ ಸರಿ ಯಾವುದೂ ಇಲ್ಲ.

ಎಳೆಎಳೆ
ಪರಮಾಣು ಗಡಿಯಾರ ಇರೋದು ಹೌದು. ಆದ್ರೆ ಜಿಪಿಎಸ್ ಸಮಯ ಯುಟಿಸಿಗಿಂತ, ಅಂದ್ರೆ ಎಲ್ಲಾ ದೇಶದ ಗಡಿಯಾರಕ್ಕೂ ಆಧಾರವಾದ ಜಾಗತಿಕ ಸಮಯಕ್ಕಿಂತ, 18 ಸೆಕೆಂಡ್ ಮುಂದಿದೆ. ಭೂಮಿಯ ತಿರುಗಾಟಕ್ಕೆ ಹೊಂದಲಿ ಅಂತ ಯುಟಿಸಿಗೆ 1972ರಿಂದ 27 ಅಧಿಕ ಸೆಕೆಂಡ್ ಸೇರಿಸಿದ್ದಾರೆ, ಕೊನೇದು 2016ರ ಡಿಸೆಂಬರ್ 31ಕ್ಕೆ. ಜಿಪಿಎಸ್ 1980ರಿಂದ ಎಣಿಸ್ತಾ ಇದೆ, ಆಮೇಲೆ ಬಂದ 18 ಅಧಿಕ ಸೆಕೆಂಡ್ ಸೇರಿಸಿಕೊಂಡಿಲ್ಲ. ಒಳ್ಳೇ ಆಪ್‌ಗಳು ಆ 18ನ್ನ ಕಳೆದು ತೋರಿಸ್ತವೆ. ಕಳೆಯದೇ ಇದ್ರೆ ನೀವು 9:59:42ಕ್ಕೆ ಬಟನ್ ಒತ್ತಿ ಕೂತಿರ್ತೀರಿ.

ತಲೆಹರಟೆ
ಒಂದು ಮಾತಿಗೆ ಒಂದು ಪಾಠ. ಸರಿ ಮೇಷ್ಟ್ರೇ.

ನಿದ್ದೆಗಣ್ಣ
ಅಧಿಕ ಮಾಸ ಗೊತ್ತಿತ್ತು, ಅಧಿಕ ಸೆಕೆಂಡ್ ಇವತ್ತೇ ಕೇಳಿದ್ದು.

ರಾತ್ರಿಪಾಳಿ
ಎಲ್ಲರೂ ನಿಮ್ಮ ನಿಮ್ಮ ಗಡಿಯಾರದ ಬಗ್ಗೇನೇ ಮಾತಾಡ್ತಿದ್ದೀರಿ. ಬಾಗಿಲು ತೆಗೆಯೋದು ನಿಮ್ಮ ಗಡಿಯಾರ ಅಲ್ಲ ಸ್ವಾಮಿ, ಸರ್ವರಿನ ಗಡಿಯಾರ. ಇಂಥ ನೋಂದಣಿ ಸೈಟಿನ ಹಿಂದಿನ ಕೋಣೆಯಲ್ಲಿ ನಾಲ್ಕು ವರ್ಷ ಕೂತವನು ನಾನು. ಎಲ್ಲಿ ಅಂತ ಕೇಳ್ಬೇಡಿ.

ನಮ್ಮಲ್ಲಿ ಮೂರು ಸರ್ವರ್ ಇದ್ವು. ಎರಡರ ಗಡಿಯಾರ ಸರಿ, ಮೂರನೇದು 4 ಸೆಕೆಂಡ್ ಮುಂದೆ. ಯಾರಿಗೂ ಗೊತ್ತಿರ್ಲಿಲ್ಲ. ಒಂದಿನ ದೊಡ್ಡ ನೋಂದಣಿ. ಯಾರ ಕ್ಲಿಕ್ ಆ ಮೂರನೇದಕ್ಕೆ ಹೋಯ್ತೋ ಅವರಿಗೆ 9:59:56ಕ್ಕೇ ಫಾರ್ಮ್ ಬಂತು. ಪಕ್ಕದಲ್ಲಿ ಕೂತವರಿಗೆ ‘ಇನ್ನೂ ಶುರುವಾಗಿಲ್ಲ’. ರಿಫ್ರೆಶ್ ಮಾಡಿದ್ರೆ ತೆರೆದಿದೆ, ಇನ್ನೊಂದ್ಸಲ ಮಾಡಿದ್ರೆ ಮುಚ್ಚಿದೆ. ‘ಒಳಗಿನವರಿಗೆ ಮೊದಲೇ ಕೊಟ್ಟಿದ್ದೀರಿ’ ಅಂತ ಬಂದ ಮೇಲ್‌ಗಳನ್ನೆಲ್ಲ ಓದಿ ಉತ್ತರ ಬರೆಯೋ ಕೆಲಸ ನನ್ನದೇ. ನಾಲ್ಕು ಸೆಕೆಂಡಿನ ತಪ್ಪಿಗೆ ನಾಲ್ಕು ದಿನ ಬೈಸ್ಕೊಂಡೆ.

ಅದಕ್ಕಿಂತ ಮಜಾ ಇನ್ನೊಂದು. ಅದಕ್ಕೂ ಹಿಂದಿನ ವರ್ಷ ತಾನಾಗೇ ತೆರೆಯೋ ವ್ಯವಸ್ಥೆಯೇ ಇರ್ಲಿಲ್ಲ. ಒಬ್ಬರು ಗೋಡೆ ಗಡಿಯಾರ ನೋಡ್ಕೊಂಡು, ಹತ್ತಾದಾಗ ‘ಪ್ರಕಟಿಸು’ ಬಟನ್ ಒತ್ತೋರು. ಅವರು ನೀರು ಕುಡಿಯೋಕೆ ಎದ್ದು ಹೋದ್ರೆ ಹತ್ತು ಗಂಟೆಯೂ ಎದ್ದು ಹೋಗ್ತಿತ್ತು.

ಕೊನೆಬೆಂಚು
ಈ ಕಡೆ ಸಾವಿರಾರು ಜನ ಮಿಲಿಸೆಕೆಂಡ್ ಎಣಿಸ್ತಾ ಕೂತಿರ್ತಾರೆ, ಆ ಕಡೆ ಒಬ್ಬರು ನೀರು ಕುಡೀತಿರ್ತಾರೆ!

ಸೆಕೆಂಡ್ ಮುಳ್ಳು
ರಾತ್ರಿಪಾಳಿ, ಸರ್ವರಿನ ಸಮಯ ಹೊರಗಿನಿಂದ ನೋಡೋ ದಾರಿ ಇದೆಯಾ? ಕೊರಿಯಾದಲ್ಲಿ ವಿದ್ಯಾರ್ಥಿಗಳು ಕೋರ್ಸ್ ಆಯ್ಕೆಗೆ, ಸಂಗೀತ ಕಾರ್ಯಕ್ರಮದ ಟಿಕೆಟ್ಟಿಗೆ ಅಂತಾನೇ ಸರ್ವರ್ ಸಮಯ ತೋರಿಸೋ ಸೈಟ್‌ಗಳನ್ನ ಬಳಸ್ತಾರೆ.

ರಾತ್ರಿಪಾಳಿ
ಇದೆ. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬಿಗೆ ಹೋಗಿ ಪುಟ ರಿಫ್ರೆಶ್ ಮಾಡಿ. ಮೊದಲ ಸಾಲು ಒತ್ತಿದ್ರೆ ಸರ್ವರ್ ಕಳಿಸಿದ ಉತ್ತರದ ಹೆಡರ್ ಕಾಣುತ್ತೆ, ಅದರಲ್ಲಿ ‘ಡೇಟ್’ ಅಂತ ಒಂದು ಸಾಲು. ಅದೇ ಅದರ ಗಡಿಯಾರ. ಜಿಎಂಟಿಯಲ್ಲಿ, ಅಂದ್ರೆ ಗ್ರೀನಿಚ್ ಸಮಯದಲ್ಲಿರುತ್ತೆ, ನಿಮ್ಮ ಹೊತ್ತಿಗೆ ಬದಲಾಯಿಸ್ಕೊಳ್ಳಿ. ಪೂರ್ತಿ ಸೆಕೆಂಡ್ ಮಾತ್ರ ಇರುತ್ತೆ, ಚೂರು ಇರಲ್ಲ. ಆ ಸೈಟ್‌ಗಳು ಇದೇ ಸಾಲನ್ನ ಮತ್ತೆ ಮತ್ತೆ ಕೇಳಿ, ಸೆಕೆಂಡ್ ಯಾವಾಗ ಬದಲಾಗುತ್ತೆ ಅಂತ ಹಿಡೀಬಹುದು.

ಎಳೆಎಳೆ
ಒಂದು ತಿದ್ದುಪಡಿ. ದೊಡ್ಡ ಸೈಟುಗಳ ಮುಂದೆ ಸಿಡಿಎನ್ ಅಂತ ನಡುವಿನ ಸರ್ವರ್ ನಿಂತಿರುತ್ತೆ. ಆಗ ನಿಮಗೆ ಕಾಣೋ ಡೇಟ್ ಆ ಕಾವಲುಗಾರನದ್ದಾಗಿರಬಹುದು, ಒಳಗಿನ ಯಜಮಾನನದ್ದಲ್ಲ. ಬಾಗಿಲು ತೆಗೆಯೋದು ಯಜಮಾನ.

ರಾತ್ರಿಪಾಳಿ
ಹೌದು, ಹೇಳೋದು ಮರೆತೆ. ಆದ್ರೂ ಈಗಿನ ಸರ್ವರ್‌ಗಳು ಬಹುತೇಕ ಎನ್‌ಟಿಪಿಗೆ ಕಟ್ಟಿಕೊಂಡಿರುತ್ವೆ, ಆ ಮೂರನೇದು ಅಪವಾದ. ಅದಕ್ಕೇ ಹೇಳೋದು, ನಿಮ್ಮ ಗಡಿಯಾರವನ್ನೂ ಅದಕ್ಕೇ ಕಟ್ಟಿಬಿಟ್ರೆ ಎರಡೂ ಒಂದೇ ಗೂಟದ ದನ.

ಗಡಿಬಿಡಿ ಗಂಗಮ್ಮ
ಎನ್‌ಟಿಪಿ ಅಂದ್ರೆ?

ಎಳೆಎಳೆ
ನೆಟ್‌ವರ್ಕಿನ ಮೂಲಕ ಗಡಿಯಾರ ಹೊಂದಿಸೋ ಕ್ರಮ. ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ರೂಪಿಸಿದ್ದು, 1985ರಿಂದ ಇದೆ. ನಿಮ್ಮ ಯಂತ್ರ ‘ಟೈಮ್ ಎಷ್ಟು?’ ಅಂತ ಕೇಳುತ್ತೆ. ಉತ್ತರ ಬರೋಷ್ಟರಲ್ಲಿ ಆ ಉತ್ತರ ಹಳೇದಾಗಿರುತ್ತಲ್ಲ? ಅದಕ್ಕೆ ಹೋಗಿ ಬರೋಕೆ ಹಿಡಿದ ಹೊತ್ತನ್ನ ಅಳೆದು, ಅರ್ಧ ಹೋಗೋಕೆ, ಅರ್ಧ ಬರೋಕೆ ಅಂತ ಹಿಡಿದು ಸರಿಮಾಡ್ಕೊಳ್ಳುತ್ತೆ. ಸಾಮಾನ್ಯ ಇಂಟರ್ನೆಟ್ಟಿನಲ್ಲಿ ಕೆಲವು ಹತ್ತು ಮಿಲಿಸೆಕೆಂಡ್ ಒಳಗೆ ತಂದು ನಿಲ್ಲಿಸುತ್ತೆ. ಕಣ್ಣು ಮಿಟುಕಿಸೋಷ್ಟರಲ್ಲಿ ನೂರು ಮಿಲಿಸೆಕೆಂಡ್ ದಾಟಿರುತ್ತೆ.

ಹಂಗಲ್ರಿ ಹಿಂಗ
ನಂದೊಂದು ಅನುಭವ ಕೇಳ್ರಿ. ಸೈಟಿನಾಗ ‘ಇನ್ನು ಇಷ್ಟು ನಿಮಿಷ, ಇಷ್ಟು ಸೆಕೆಂಡ್’ ಅಂತ ಇಳಿಯೂ ಲೆಕ್ಕ ಬರ್ತಿತ್ತು. ಟ್ಯಾಬ್ ತೆರದಿಟ್ಟು ಬ್ಯಾರೆ ಟ್ಯಾಬಿನಾಗ ಹಾಡು ಕೇಳಕೋತ ಕುಂತೆ. ವಾಪಸ್ ಬಂದು ನೋಡಿದ್ರ ‘ಇನ್ನೂ 9 ನಿಮಿಷ’. ಆರಾಮ ಕುಂತೆ. ಆಮ್ಯಾಲೆ ಗಡಿಯಾರ ನೋಡಿದ್ರ ಮಾರಾಟ ಶುರುವಾಗಿ ಹತ್ತು ನಿಮಿಷ ಆಗೇತಿ! ಸೈಟ್ ಮೋಸ ಮಾಡ್ತು ಅಂತ ಇವತ್ತಿಗೂ ಸಿಟ್ಟೈತಿ.

ರಾತ್ರಿಪಾಳಿ
ಅರ್ಧ ಸೈಟಿನ ತಪ್ಪು, ಅರ್ಧ ಬ್ರೌಸರಿನದ್ದು. ಮರೆಯಲ್ಲಿರೋ ಟ್ಯಾಬ್ ಬ್ಯಾಟರಿ ತಿನ್ನದಿರಲಿ ಅಂತ ಬ್ರೌಸರ್ ಅದರ ಟೈಮರನ್ನ ನಿಧಾನ ಮಾಡುತ್ತೆ. ಕ್ರೋಮ್‌ನಲ್ಲಿ 2021ರ 88ನೇ ಆವೃತ್ತಿಯಿಂದ, ಐದು ನಿಮಿಷಕ್ಕಿಂತ ಹೆಚ್ಚು ಮರೆಯಲ್ಲಿ ಸದ್ದಿಲ್ಲದೆ ಬಿದ್ದಿರೋ ಟ್ಯಾಬಿನ ಟೈಮರ್ ನಿಮಿಷಕ್ಕೊಂದು ಸಲ ಮಾತ್ರ ಎದ್ದೇಳಬಹುದು. ಸೋಮಾರಿ ಪ್ರೋಗ್ರಾಮರ್ ‘ಎದ್ದಾಗೆಲ್ಲ ಒಂದು ಸೆಕೆಂಡ್ ಕಳಿ’ ಅಂತ ಬರೆದಿದ್ರೆ, ನಿಮಿಷಕ್ಕೆ ಒಂದೇ ಸೆಕೆಂಡ್ ಇಳಿಯುತ್ತೆ. ಎದ್ದಾಗೆಲ್ಲ ಗಡಿಯಾರ ನೋಡಿ ಲೆಕ್ಕ ಹಾಕು ಅಂತ ಬರೀಬೇಕಿತ್ತು. ಇಳಿಯೋ ಲೆಕ್ಕ ಇರೋ ಟ್ಯಾಬನ್ನ ಯಾವತ್ತೂ ಮುಂದೇನೇ ಇಟ್ಕೊಳ್ಳಿ, ಕೊನೇ ನಿಮಿಷಕ್ಕೆ ಮುಂಚೆ ಒಂದ್ಸಲ ರಿಫ್ರೆಶ್ ಮಾಡಿ.

ಹಂಗಲ್ರಿ ಹಿಂಗ
ಇದನ್ನ ನೀವು ಆವತ್ತೇ ಹೇಳಿದ್ರ ಎರಡು ಟಿಕೆಟ್ ಸಿಗ್ತಿದ್ವು.

ಮಾರಾಯ್ರೇ
ಸೆಕೆಂಡಿನ ಮಾತು ಬಿಡಿ, ನಾನು ನಾಲ್ಕೂವರೆ ಗಂಟೆ ತಪ್ಪಿದವ. ಒಂದು ಆನ್‌ಲೈನ್ ತರಗತಿಗೆ ‘10 ಎಎಂ ಐಎಸ್‌ಟಿ’ ಅಂತ ಬರೆದಿದ್ರು. ನಾನು ಭಾರತದ ಹತ್ತಕ್ಕೆ ಲಿಂಕ್ ಒತ್ತಿ ಕೂತದ್ದೇ ಕೂತದ್ದು, ಒಂದು ನರಪಿಳ್ಳೆ ಇಲ್ಲ. ಮೇಲ್ ಹಾಕಿದ್ರೆ, ಅವರು ಐರ್ಲೆಂಡಿನವರಂತೆ! ಅಲ್ಲಿ ಬೇಸಿಗೆಯ ಸಮಯಕ್ಕೂ ಐಎಸ್‌ಟಿ ಅಂತಲೇ ಹೇಳುದು. ಇಸ್ರೇಲಿನದ್ದಕ್ಕೂ ಅದೇ ಹೆಸರು. ಮೂರು ಐಎಸ್‌ಟಿ ಉಂಟು ಮಾರಾಯ್ರೇ. ಅಂದಿನಿಂದ ಯುಟಿಸಿ ಎಷ್ಟು ಅಂತ ಕೇಳದೆ ನಾನು ಯಾವುದಕ್ಕೂ ಹೆಸರು ಕೊಡುದಿಲ್ಲ.

ಸೆಕೆಂಡ್ ಮುಳ್ಳು
‘15ರ ಮಧ್ಯರಾತ್ರಿ 12ರವರೆಗೆ’ ಅನ್ನೋದು ಇನ್ನೂ ದೊಡ್ಡ ಗುಂಡಿ. 15 ಶುರುವಾಗೋ ಮಧ್ಯರಾತ್ರಿಯೋ, ಮುಗಿಯೋ ಮಧ್ಯರಾತ್ರಿಯೋ? 11:59 ಅಂತ ಬರೆದ್ರೆ ಯಾರಪ್ಪನ ಗಂಟು ಹೋಗುತ್ತೆ?

ನಿದ್ದೆಗಣ್ಣ
ಸಂಶೋಧನಾ ಪ್ರಬಂಧ ಕಳಿಸೋರಿಗೆ ‘ಭೂಮಿಯ ಮೇಲೆ ಎಲ್ಲಾದರೂ’ ಅಂತ ಒಂದು ಗಡುವು ಇದೆ, ಯುಟಿಸಿಗಿಂತ 12 ಗಂಟೆ ಹಿಂದೆ. ಜಗತ್ತಿನ ಯಾವ ಮೂಲೆಯಲ್ಲಾದ್ರೂ ಆ ತಾರೀಖು ಇದ್ರೆ ನಿಮಗಿನ್ನೂ ಅವಕಾಶ ಇದೆ. ನನ್ನಂಥವರಿಗಾಗಿ ಪುಣ್ಯಾತ್ಮರು ಮಾಡಿದ್ದು.

ತಲೆಹರಟೆ
ಎಲ್ಲಾ ಸರಿ, ಒಂದು ಸೆಕೆಂಡ್ ಮುಂಚೆ ಒತ್ತಿದ್ರೆ ಏನು ತಪ್ಪು? 9:59:50ರಿಂದ ಎಡೆಬಿಡದೆ ಒತ್ತುತ್ತಾ ಇರೋದು, ಯಾವುದೋ ಒಂದು ತಗಲುತ್ತೆ.

ರಾತ್ರಿಪಾಳಿ
ಒತ್ತುತ್ತಾ ಇದ್ರೆ ನೀವು ಮನುಷ್ಯರಲ್ಲ, ಬಾಟ್ ಅಂತ ತಿಳ್ಕೊಂಡು ಸರ್ವರ್ 429 ಅನ್ನೋ ಸಂದೇಶ ಕೊಟ್ಟು ಹೊರಗೆ ನಿಲ್ಲಿಸುತ್ತೆ. 429 ಅಂದ್ರೆ ‘ಬಹಳ ಸಲ ಕೇಳಿದ್ದೀರಿ’ ಅಂತ. ಎಷ್ಟು ಹೊತ್ತು ನಿಲ್ಲಿಸುತ್ತೆ ಅನ್ನೋದು ಅವರಿಷ್ಟ. ಒಂದು ಸಲ, ಹತ್ತಾದ ಮೇಲೆ ಒತ್ತಿ. ಅರ್ಧ ಸೆಕೆಂಡ್ ತಡವಾದ್ರೆ ಸೀಟು ಹೋಗೋದು ಅಪರೂಪ, ಅರ್ಧ ಸೆಕೆಂಡ್ ಮುಂಚೆ ಒತ್ತಿ ‘ಶುರುವಾಗಿಲ್ಲ’ ಪುಟಕ್ಕೆ ಸಿಕ್ಕಿಹಾಕ್ಕೊಂಡು ಹತ್ತು ಸೆಕೆಂಡ್ ಕಳ್ಕೊಂಡವರು ಬೇಕಾದಷ್ಟು ಜನ.

ಅಂದಹಾಗೆ ದೊಡ್ಡ ಟಿಕೆಟ್ ಮಾರಾಟದಲ್ಲಿ ಕಾಯೋ ಕೋಣೆ ಇದ್ರೆ ಈ ಸರ್ಕಸ್ಸೆಲ್ಲ ದಂಡ. ಎಷ್ಟೋ ಕಡೆ ಶುರುವಾಗೋ ಮುಂಚೆ ಕೋಣೆಗೆ ಬಂದವರಿಗೆಲ್ಲ ಚೀಟಿ ಎತ್ತಿದ ಹಾಗೆ ಸರದಿ ಸಂಖ್ಯೆ ಕೊಡ್ತಾರೆ. ಅರ್ಧ ಗಂಟೆ ಮುಂಚೆ ಬಂದವನೂ, ಒಂದು ನಿಮಿಷ ಮುಂಚೆ ಬಂದವನೂ ಒಂದೇ. ಶುರುವಾದ ಮೇಲೆ ಬಂದವರು ಮಾತ್ರ ಹಿಂದೆ.

ನಿದ್ದೆಗಣ್ಣ
ನಾನು ಮೊದಲ ಉತ್ತರದಲ್ಲೇ ಹಣೆಬರಹ ಅಂದಿದ್ದೆ. ಯಾರು ಕೇಳ್ತೀರಿ.

ಸೆಕೆಂಡ್ ಮುಳ್ಳು
ಕೊನೆಬೆಂಚು, ಬುಧವಾರಕ್ಕೆ ಇಷ್ಟು ಮಾಡಿ ಸಾಕು. ಬೆಳಿಗ್ಗೆ ಸಿಂಕ್. ಲಾಗಿನ್ ಬಹಳ ಮುಂಚೆ ಬೇಡ, ಕೆಲವು ಸೈಟ್ ಅರ್ಧ ಗಂಟೆ ಸುಮ್ಮನಿದ್ರೆ ಹೊರಗೆ ಹಾಕುತ್ತೆ, ನಿಮಗೆ ಗೊತ್ತಾಗೋದು ಬಟನ್ ಒತ್ತಿದ ಮೇಲೆ. ಹತ್ತಕ್ಕೆ ಎರಡು ನಿಮಿಷ ಇರುವಾಗ ಸೈಟಿನ ಇನ್ನೊಂದು ಪುಟ ತೆರೆದು ಇನ್ನೂ ಒಳಗಿದ್ದೀರಾ ಅಂತ ನೋಡ್ಕೊಳ್ಳಿ. ಹೆಸರು, ವಿಳಾಸ ಎಲ್ಲ ಒಂದು ಕಡೆ ಬರೆದಿಟ್ಟು ಅಂಟಿಸಿ. ನನ್ನ ತಂಗಿ ಒಂದು ಸಲ ಸರಿಯಾಗಿ ಹತ್ತಕ್ಕೆ ಒಳಗೆ ಹೋಗಿ, ಪಿನ್‌ಕೋಡ್ ನೆನಪಾಗದೆ ಅಮ್ಮನ್ನ ಕೂಗ್ತಾ ಸೀಟ್ ಕಳ್ಕೊಂಡ್ಳು.

(ಬುಧವಾರ)

ಕೊನೆಬೆಂಚು
ವರದಿ ಒಪ್ಪಿಸ್ತೀನಿ. ಬೆಳಿಗ್ಗೆ ಅಳೆದೆ, ಗಡಿಯಾರದ ತಪ್ಪು 0.03 ಸೆಕೆಂಡ್. ಎಲ್ಲಾ ನೀವು ಹೇಳಿದ ಹಾಗೇ. 10:00:00 ದಾಟಿದ್ದೇ ಒತ್ತಿದೆ. ‘ನೋಂದಣಿ ಇನ್ನೂ ಶುರುವಾಗಿಲ್ಲ’. ಎದೆ ಧಸಕ್ ಅಂತು. ಹತ್ತು ಸೆಕೆಂಡಿಗೊಂದ್ಸಲ ರಿಫ್ರೆಶ್ ಮಾಡ್ತಾ ಕೂತೆ, ಬೆರಳು ನಡುಗ್ತಿತ್ತು. 10:00:40ಕ್ಕೆ ಫಾರ್ಮ್ ಬಂತು. ಅಂಟಿಸಿದೆ, ಕಳಿಸಿದೆ, ಸಿಕ್ತು! 60ರಲ್ಲಿ 41ನೇ ಸಂಖ್ಯೆ.

ರಾತ್ರಿಪಾಳಿ
ಅಭಿನಂದನೆ. ಹಳೇ ಪುಟ ಕ್ಯಾಶ್‌ನಲ್ಲಿ, ಅಂದ್ರೆ ಬೇಗ ಕೊಡೋಕೆ ಅಂತ ಉಳಿಸಿಟ್ಟ ಪ್ರತಿಯಲ್ಲಿ, ಕೂತಿತ್ತು ಅನ್ಸುತ್ತೆ. ಇಲ್ಲಾ ಯಾರೋ ನೀರು ಕುಡಿಯೋಕೆ ಹೋಗಿದ್ರು.

ತಲೆಹರಟೆ
ಒಂದ್ ನಿಮಿಷ. 40 ಸೆಕೆಂಡ್ ತಡವಾಗಿ ತೆರೆದಿದೆ. ನಿಮ್ಮ ಆ 51 ಸೆಕೆಂಡ್ ಹಿಂದಿನ ಗಡಿಯಾರವನ್ನೇ ನಂಬಿದ್ರೂ ಬರೀ 11 ಸೆಕೆಂಡ್ ತಡ ಆಗ್ತಿತ್ತು. ಇಷ್ಟೆಲ್ಲ ಪಾಠ ಕೇಳಿ ಉಳಿಸಿದ್ದು 11 ಸೆಕೆಂಡ್!

ಕೊನೆಬೆಂಚು
ನಂದಾದ ಮೇಲೆ ಹತ್ತೇ ಸೆಕೆಂಡಿಗೆ ಭರ್ತಿ ಅಂತ ಬಂತು ಸ್ವಾಮಿ. ಆ 11 ಸೆಕೆಂಡಿಗೆ ನಾನು ಚಿರಋಣಿ.

ಎಳೆಎಳೆ
ಸಿಂಕ್ ಮಾಡೋ ಮುಂಚೆ ಎರಡನೇ ಸಲ ಅಳೆದ್ರಾ? ಎಷ್ಟಿತ್ತು? ಹಂಗಲ್ರಿಯವರ ಜೊತೆ ನನ್ನ ಪಂದ್ಯ ಬಾಕಿ ಇದೆ.

ಕೊನೆಬೆಂಚು
ಮರೆತೇಬಿಟ್ಟೆ, ಆವತ್ತೇ ಒತ್ತಿಬಿಟ್ಟೆ.

ಹಂಗಲ್ರಿ ಹಿಂಗ
ಹಂಗಾದ್ರ ನಾ ಗೆದ್ದಂಗ.

ಹಳೇ ರೇಡಿಯೋ
ಆ ಮೂರು ನಿಮಿಷ ಮುಂದಿರೋ ಕೈಗಡಿಯಾರ ಸರಿ ಮಾಡಿದ್ಯೇನಪ್ಪಾ?

ಕೊನೆಬೆಂಚು
ಇಲ್ಲ ಸಾರ್, ಅದನ್ನ ಮುಟ್ಟಲ್ಲ. ಬಸ್ಸಿಗೆ ಅದೇ ಬೇಕು.